ಕಣ್ಣೆದುರಿಗಿರುವ ‘ಕೋಟೆ’ ಹುಡುಕಿದರೆ ಸಿಗುತ್ತಿಲ್ಲ: ಪೈಥಾನ್ ಮತ್ತು ಗಿಟ್‌ನಲ್ಲಿ ಕನ್ನಡ ಕಡತಗಳು

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಪುಸ್ತಕಪಟ್ಟಿಯಲ್ಲಿ ಹೆಸರು ಹುಡುಕುವ ಸಣ್ಣ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಪಟ್ಟಿಯ ಅರ್ಧಭಾಗ ಹಿಂದೆಂದೋ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಆಕಾರ ಕೊಡುವ ಆಸ್ಕಿ ಫಾಂಟ್‌ನಲ್ಲಿ ಟೈಪಾಗಿದ್ದು, ಪರಿವರ್ತಕವೊಂದರ ಮೂಲಕ, ಪ್ರತಿ ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಬಂದಿದೆ. ಉಳಿದದ್ದನ್ನು ನಾವೇ ಹೊಸದಾಗಿ ಟೈಪ್ ಮಾಡಿದ್ದೇವೆ. ಈಗ ಮೂರು ತೊಡಕುಗಳು ಎದುರಾಗಿವೆ. ‘ಕೋಟೆ’ ಎಂದು ಹುಡುಕಿದರೆ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವ ಕೆಲವು ಹೆಸರುಗಳೇ ಸಿಗುವುದಿಲ್ಲ. ನನ್ನ ಲಿನಕ್ಸ್ ಯಂತ್ರದಲ್ಲಿ ಸರಿಯಾಗಿ ಓಡುವ ಪ್ರೋಗ್ರಾಂ ಗೆಳೆಯನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಡತವನ್ನು ಓದುವಾಗಲೇ ಯೂನಿಕೋಡ್ ಡಿಕೋಡ್ ಎರರ್ ಕೊಟ್ಟು ನಿಲ್ಲುತ್ತದೆ. ವಿಚಿತ್ರವೆಂದರೆ, ಒಂದೆರಡು ಪುಟ್ಟ ಕಡತಗಳು ಮಾತ್ರ ದೋಷವಿಲ್ಲದೆ ತೆರೆದುಕೊಂಡು, ಒಳಗೆ ಅರ್ಥವಿಲ್ಲದ ಚಿಹ್ನೆಗಳನ್ನು ತೋರಿಸುತ್ತವೆ. ಇದಲ್ಲದೆ, ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ಸ್ಟೇಟಸ್ ನೋಡಿದರೆ ಕನ್ನಡದ ಕಡತಗಳ ಹೆಸರು ಬರೀ ಅಂಕಿಗಳ ಸಾಲಾಗಿ ಕಾಣುತ್ತದೆ. ಎಲ್ಲಿಂದ ಸರಿಪಡಿಸಲು ತೊಡಗಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಹಳೆಕೀಲಿಮಣೆ:
ಮೊದಲನೆಯ ತೊಡಕಿನ ಬಗ್ಗೆ ಹೇಳುತ್ತೇನೆ. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಮೂರು ಬಗೆಯಾಗಿ ಬರೆಯಲು ಸಾಧ್ಯವಿದೆ: ‘ಕ’ಕಾರಕ್ಕೆ ಓಕಾರದ ಚಿಹ್ನೆಯನ್ನು ನೇರವಾಗಿ ಸೇರಿಸಬಹುದು, ಒಕಾರದ ಚಿಹ್ನೆಯ ನಂತರ ದೀರ್ಘದ ಗುರುತನ್ನು ಇಡಬಹುದು, ಇಲ್ಲವೇ ಎಕಾರ, ಊಕಾರ, ದೀರ್ಘ ಎಂದು ಮೂರು ತುಂಡುಗಳನ್ನು ಸಾಲಾಗಿ ಜೋಡಿಸಬಹುದು. ಕಣ್ಣಿಗೆ ಮೂರೂ ಒಂದೇ. ಆದರೆ ‘ಕೋಟೆ’ ಪದದ ಉದ್ದವನ್ನು ಪೈಥಾನ್‌ನ ಲೆನ್ ಫಂಕ್ಷನ್‌ನಿಂದ ಅಳೆದರೆ ಕ್ರಮವಾಗಿ 4, 5, 6 ಎಂದು ಬರುತ್ತದೆ. ನಿಮ್ಮ ಪರಿವರ್ತಕ ಚಿಹ್ನೆಗಳನ್ನು ತುಂಡುತುಂಡಾಗಿ ಉಳಿಸಿರಬೇಕು ಎಂಬುದು ನನ್ನ ಅನುಮಾನ.

ಅನುಮಾನವಿದ್ದ ಪದವನ್ನು ಆಸ್ಕಿ ಎಂಬ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿದರೆ ಒಳಗಿನ ಸಂಕೇತಗಳೆಲ್ಲ ಒಂದೊಂದಾಗಿ ಕಾಣುತ್ತವೆ. ವಿಮ್ ಎಂಬ ಎಡಿಟರ್ ಬಳಸುವವರಾದರೆ ಕರ್ಸರನ್ನು ಅಕ್ಷರದ ಮೇಲಿಟ್ಟು ಜಿ, ಎ ಒತ್ತಿದರೂ ಸಾಕು. ಪರಿಹಾರವೂ ಪೈಥಾನ್ ಜೊತೆಗೇ ಬಂದಿದೆ: ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಕೂಡಿಸಿದ ರೂಪವನ್ನು ಸೂಚಿಸಿದರೆ ಈ ಮೂರೂ ಬರಹಗಳು 4 ಸಂಕೇತಗಳ ಒಂದೇ ರೂಪಕ್ಕೆ ಬರುತ್ತವೆ. ಪಟ್ಟಿಯನ್ನೂ, ಬಳಕೆದಾರರು ಟೈಪ್ ಮಾಡುವ ಪದವನ್ನೂ, ಎರಡನ್ನೂ ಹೀಗೆ ಹಾಯಿಸಬೇಕು. ಒಂದನ್ನು ಮಾತ್ರ ಹಾಯಿಸಿ ದಿನವಿಡೀ ತಲೆ ಕೆರೆದುಕೊಂಡವನು ನಾನು. ಹಾಗೆಯೇ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಸಂಕೇತವನ್ನು ಪಟ್ಟಿಯಿಂದ ಪೂರ್ತಿಯಾಗಿ ಅಳಿಸಿಬಿಡಿ, ಹುಡುಕಾಟಕ್ಕೆ ಅದೂ ಅಡ್ಡಿ.

ಮಲೆಯಂಚು:
ವಿಂಡೋಸ್ ವಿಷಯ. 3.14ರವರೆಗಿನ ಪೈಥಾನ್‌ನಲ್ಲಿ ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಯಾವುದೆಂದು ಹೇಳದಿದ್ದರೆ ಅದು ಆ ಯಂತ್ರದ ರೂಢಿಯ ಎನ್‌ಕೋಡಿಂಗನ್ನು ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8, ನಮ್ಮಲ್ಲಿನ ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ 1252 ಎಂಬ ಹಳೆಯ ಕೋಡ್ ಪೇಜ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹಲಂತದ ಮೂರನೆಯ ಬೈಟ್ 141, ಉಕಾರದ ಚಿಹ್ನೆಯದು 129. ಈ ಎರಡು ಬೆಲೆಗಳಿಗೂ 1252ರಲ್ಲಿ ಅಕ್ಷರವೇ ಇಲ್ಲದ ಕಾರಣ ಓದು ಅಲ್ಲಿಗೇ ಮುಗ್ಗರಿಸುತ್ತದೆ. ಒತ್ತಕ್ಷರವಾಗಲಿ ಉಕಾರವಾಗಲಿ ಇಲ್ಲದ ‘ಕಮಲ’ದಂತಹ ಪದಗಳಷ್ಟೇ ಇದ್ದರೆ ದೋಷ ಬಾರದೆ ಕಸ ಓದಿಕೊಳ್ಳುತ್ತದೆ. ನಿಮ್ಮ ಪುಟ್ಟ ಕಡತಗಳ ಗುಟ್ಟು ಇದೇ ಇರಬೇಕು, ಮತ್ತು ದೋಷ ಕೊಟ್ಟು ನಿಲ್ಲುವ ಕಡತಕ್ಕಿಂತ ಇದೇ ಹೆಚ್ಚು ಅಪಾಯಕಾರಿ.

ಆದ್ದರಿಂದ ಓಪನ್ ಬರೆದಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವ ರೂಢಿ ಮಾಡಿಕೊಳ್ಳಿ. ಎಲ್ಲೆಲ್ಲಿ ಮರೆತಿದ್ದೀರೆಂದು ಹುಡುಕಲು 3.10ನೇ ಆವೃತ್ತಿಯಿಂದ ಎನ್‌ಕೋಡಿಂಗ್ ವಾರ್ನಿಂಗ್ ಎಂಬ ಎಚ್ಚರಿಕೆಯ ಸೌಲಭ್ಯವಿದೆ. ಅದು ತಾನಾಗಿ ಕಾಣಿಸದು, ಕೇಳಿ ಆನ್ ಮಾಡಿಕೊಳ್ಳಬೇಕು. ಎಕ್ಸೆಲ್‌ನಿಂದ ಉಳಿಸಿದ ಯುಟಿಎಫ್-8 ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಆದರೆ ಯುಟಿಎಫ್-8-ಸಿಗ್ ಎಂದು ಕೊಡಿ, ಇಲ್ಲವಾದರೆ ಮೊದಲ ಕಾಲಮ್ಮಿನ ಹೆಸರಿಗೆ ಕಾಣದ ಗುರುತೊಂದು ಅಂಟಿಕೊಂಡಿರುತ್ತದೆ.

ಗಿಟ್‌ನದು ಅತಿ ಸುಲಭ. ಅದು ‘ಕ’ ಅಕ್ಷರವನ್ನು 340, 262, 225 ಎಂದು ಎಂಟರ ಮೂಲದ ಅಂಕಿಗಳಲ್ಲಿ ತೋರಿಸುತ್ತದೆ, ಹೆಸರೇನೂ ಕೆಟ್ಟಿರುವುದಿಲ್ಲ. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ವಿಭಾಗದ ಕೋಟ್‌ಪಾತ್ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಬೆರಳಚ್ಚುಗಾರ್ತಿ:
ಹಳೆಕೀಲಿಮಣೆಯವರ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆದಿರುವುದು ಆ ಕಾಣದ ಸಂಕೇತದ ಬಲದಿಂದಲೇ. ಅದನ್ನು ಅಳಿಸಿದೊಡನೆ ವಕಾರ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಪುಸ್ತಕದ ಹೆಸರನ್ನು ಅಚ್ಚಾದಂತೆಯೇ ಉಳಿಸಬೇಕಾದ ಪಟ್ಟಿಯಲ್ಲಿ ಇದು ಸಲ್ಲದು. ಮೂಲ ಹೆಸರಿನ ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಕಾಲಮ್ ಮಾಡಿ, ಅಲ್ಲಿ ಮಾತ್ರ ಆ ಸಂಕೇತವನ್ನು ತೆಗೆಯಿರಿ; ಹುಡುಕುವ ಪದದಿಂದಲೂ ಹಾಗೆಯೇ ತೆಗೆಯಿರಿ.

ಹಳೆಕೀಲಿಮಣೆ:
ಒಪ್ಪಿದೆ. ನನ್ನ ಕೆಲಸವೆಲ್ಲ ಪದಗಳ ಎಣಿಕೆಯದು, ಅಲ್ಲಿ ನಡೆಯುತ್ತದೆ. ಪುಸ್ತಕಪಟ್ಟಿಗೆ ನಿಮ್ಮ ಕ್ರಮವೇ ಸರಿ.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಪ್ರೋಗ್ರಾಂ ಓಡುತ್ತಿದೆ, ಗಿಟ್ ಕೂಡ ಸರಿಹೋಯಿತು, ‘ಕೋಟೆ’ಯೂ ಸಿಕ್ಕಿತು. ಆದರೆ ‘ಬೆಂಗಳೂರು’ ಎಂದು ಹುಡುಕಿದರೆ ಕೆಲವು ಹೆಸರುಗಳು ಈಗಲೂ ತಪ್ಪಿಹೋಗುತ್ತಿದ್ದವು. ಆಸ್ಕಿ ಫಂಕ್ಷನ್‌ನಲ್ಲಿ ನೋಡಿದಾಗ ಗೊತ್ತಾಯಿತು: ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಕುಳಿತಿದೆ, ಅದೂ ನಾವೇ ಟೈಪ್ ಮಾಡಿದ ಭಾಗದಲ್ಲಿ! ಇದನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಎಲ್ಲ ಸೊನ್ನೆಗಳನ್ನೂ ಒಮ್ಮೆಲೇ ಬದಲಿಸಬಹುದೇ?

ಬೆರಳಚ್ಚುಗಾರ್ತಿ:
ಬೇಡ, ‘ಸಂಪುಟ ೧೦’ ಎಂಬಲ್ಲಿನ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ. ಹಿಂದಿನ ಸಂಕೇತವು ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಆಗಿದ್ದರೆ ಮಾತ್ರ ಬದಲಿಸುವಂತೆ ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕುವ ಮಾದರಿ) ಬರೆಯಿರಿ. ಮೂಲ ಪಟ್ಟಿಯಲ್ಲೇ ತಿದ್ದುವುದಾದರೆ ಈ ಬದಲಾವಣೆಯನ್ನು ಗಿಟ್‌ನಲ್ಲಿ ಬೇರೆಯದೇ ಕಮಿಟ್ (ದಾಖಲೆ) ಮಾಡಿ, ಗಿಟ್ ಡಿಫ್‌ಗೆ ವರ್ಡ್ ಡಿಫ್ ಆಯ್ಕೆ ಕೊಟ್ಟು ಒಮ್ಮೆ ಕಣ್ಣಾಡಿಸಿ. ಸಾಲಿಗೆ ಸಾಲೇ ಬಣ್ಣವಾಗುವ ಬದಲು ಬದಲಾದ ಪದಗಳಷ್ಟೇ ಎದ್ದು ಕಾಣುತ್ತವೆ.