ತೋಟದ ಗುಡ್ಡ ಹತ್ತುವ ಎಂಎಂ 540: ಎತ್ತರಿಸಬೇಕೇ, ಮೊದಲು ದುರಸ್ತಿ ಮಾಡಬೇಕೇ?

ಗುಡ್ಡೆತೋಟ, ದೇಲಂಪಾಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಗುಡ್ಡದ ಬುಡದಲ್ಲಿದ್ದು, ಮನೆಯಿಂದ ಅಲ್ಲಿಗೆ ಇಳಿಯುವ ದಾರಿಯ ಅರ್ಧ ಭಾಗ ಮುರಕಲ್ಲಿನ ಹಾಸು, ಉಳಿದರ್ಧ ಜಾರುವ ಕೆಂಪು ಮಣ್ಣು. ನಡುವೆ ಒಂದು ತೋಡನ್ನೂ ದಾಟಬೇಕು. ಗೊಬ್ಬರ, ಅಡಿಕೆ ಗೊನೆ, ಮದ್ದು ಬಿಡುವ ಡ್ರಮ್ಮು ಇವನ್ನೆಲ್ಲ ಸಾಗಿಸುವುದಕ್ಕೆಂದು ಹಳೆಯ ಮಹೀಂದ್ರ ಎಂಎಂ 540 ಫೋರ್ ವೀಲ್ ಜೀಪೊಂದನ್ನು ಕೊಂಡಿದ್ದೇವೆ. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಬೆಳಗಿನ ಚಳಿಯಲ್ಲೂ ತಕರಾರಿಲ್ಲದೆ ಚಾಲೂ ಆಗುತ್ತದೆ. ಹಿಂದಿನ ಮಾಲೀಕರು 16 ಇಂಚಿನ ರಿಮ್ ತೆಗೆದು 15 ಇಂಚಿನದನ್ನು ಕೂರಿಸಿ, 215/75 ಆರ್ 15 ಅಳತೆಯ ಟೈರು ಹಾಕಿಸಿದ್ದಾರೆ.

ತೊಂದರೆ ಮೂರು ಬಗೆಯದು. ಗಾಲಿಯ ಜಾಡಿನ ನಡುವೆ ಎದ್ದಿರುವ ಕಲ್ಲಿಗೆ ಡಿಫರೆನ್ಶಿಯಲ್ (ಆಕ್ಸಲಿನ ನಡುವೆ ಉಬ್ಬಿಕೊಂಡಿರುವ, ಗಾಲಿಗಳಿಗೆ ಬಲ ಹಂಚುವ ಗೇರುಗಳ ಗೂಡು) ತಾಗುತ್ತದೆ. ಡಾಮರು ರಸ್ತೆಯಲ್ಲಿ 45–50 ಕಿ.ಮೀ. ವೇಗದಲ್ಲಿ ಒಂದು ಸಣ್ಣ ಗುಂಡಿ ಸಿಕ್ಕಿದರೂ ಸ್ಟೀರಿಂಗ್ ಗಡಗಡ ನಡುಗಲು ಶುರುವಾಗಿ, ವೇಗ ಇಳಿಸದೆ ನಿಲ್ಲುವುದಿಲ್ಲ. ಎಡ ಮುಂಗಾಲಿಯ ಒಳಬದಿಯಿಂದ ಎಣ್ಣೆ ಜಿನುಗುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನು ಆಕ್ಸಲಿನ ಕೆಳಗಿನಿಂದ ಮೇಲಕ್ಕೆ ಕೂರಿಸಿ ಗಾಡಿಯನ್ನು ಎತ್ತರಿಸಿ, 31 ಇಂಚಿನ ಟೈರು, ಕಬ್ಬಿಣದ ಬಂಪರು ಮತ್ತು ವಿಂಚು (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ, ಬ್ಯಾಟರಿಯಿಂದ ನಡೆಯುವ ಯಂತ್ರ) ಹಾಕಿಸಿದರೆ ಎಲ್ಲವೂ ಸರಿಯಾಗುತ್ತದೆಂದು ಒಂದು ವರ್ಕ್‌ಶಾಪಿನವರು ಹೇಳಿದರು. ನನ್ನ ಬಳಿ ಸ್ಪ್ಯಾನರ್ ಸೆಟ್ಟು ಮತ್ತು ಜ್ಯಾಕ್ ಇವೆ, ದೊಡ್ಡಪ್ಪನ ಮಗನಿಗೆ ವೆಲ್ಡಿಂಗ್ ಗೊತ್ತಿದೆ. ಮನೆಯಲ್ಲಿ ಮಾಡಬಹುದಾದದ್ದು ಯಾವುದು, ಮೊದಲು ಮಾಡಬೇಕಾದದ್ದು ಯಾವುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹಳೇ ಜೀಪು, ಬದಿಯಡ್ಕ:

ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ಒಂದೇ ಜಾಗದಿಂದ ಬರುತ್ತಿರಬಹುದು, ಆದುದರಿಂದ ಅಲ್ಲಿಂದಲೇ ಆರಂಭಿಸಿ. ಈ ಜೀಪಿನ ಮುಂದಿನ ನಕ್ಕಲ್, ಅಂದರೆ ಮುಂಗಾಲಿ ತಿರುಗುವ ಸಂದು, ಮುಚ್ಚಿದ ಗುಂಡಿನ ಮಾದರಿಯದು. ಅದರೊಳಗಿನ ಕಿಂಗ್ ಪಿನ್ (ಗಾಲಿ ಎಡಕ್ಕೂ ಬಲಕ್ಕೂ ತಿರುಗಲು ಆಧಾರವಾದ ಗೂಟ) ಬೇರಿಂಗ್ ಸವೆದರೆ ಗಾಲಿ ಅಲುಗಾಡತೊಡಗುತ್ತದೆ, ಆ ಅಲುಗಾಟಕ್ಕೆ ಸೀಲು ಹರಿದು ಎಣ್ಣೆ ಹೊರಬರುತ್ತದೆ.

ಪರೀಕ್ಷಿಸುವ ಕ್ರಮ ಸುಲಭ. ಮುಂಗಾಲಿಯನ್ನು ನೆಲದಿಂದ ಎತ್ತಿ, ಅದರ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ ನೋಡಿ. ಆಟ (ಸಡಿಲಿನ ಅಲುಗಾಟ) ಕಂಡುಬಂದರೆ, ಇನ್ನೊಬ್ಬರಲ್ಲಿ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಿಸಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ದೋಷ ವೀಲ್ ಬೇರಿಂಗಿನದು, ಹಾಗೆಯೇ ಉಳಿದರೆ ಕಿಂಗ್ ಪಿನ್ನಿನದು. ಎಡ–ಬಲ ತುದಿಗಳನ್ನು ಹಿಡಿದು ಅಲುಗಿಸುವಾಗ ಆಟ ಸಿಕ್ಕಿದರೆ ಎರಡೂ ಮುಂಗಾಲಿಗಳನ್ನು ಜೋಡಿಸುವ ಸರಳಿನ ತುದಿಗಳನ್ನು, ಅಂದರೆ ಟೈ ರಾಡ್ ಎಂಡ್‌ಗಳನ್ನು ಸಂಶಯಿಸಬೇಕು. ಕಿಂಗ್ ಪಿನ್ ಬೇರಿಂಗ್ ಬದಲಿಸುವಾಗ ಮೇಲೆ ಕೆಳಗೆ ಇರುವ ತೆಳು ಶಿಮ್‌ಗಳನ್ನು ಒಟ್ಟುಗೂಡಿಸಿಬಿಡಬೇಡಿ. ಬಿಗಿ ಹೆಚ್ಚಿಸಬೇಕಾದಲ್ಲಿ ಎರಡೂ ಬದಿಯಿಂದ ಸಮನಾಗಿ ತೆಗೆಯಬೇಕು, ಇಲ್ಲವಾದರೆ ಆಕ್ಸಲ್ ಶಾಫ್ಟ್ ನಡುಮಧ್ಯದಲ್ಲಿ ಕೂರುವುದಿಲ್ಲ. ಈ ಕೆಲಸ ಮನೆಯಲ್ಲೇ ಆಗುತ್ತದೆ, ಆದರೆ ಒಂದು ಪೂರ್ತಿ ಭಾನುವಾರ ಬೇಕು. ಇಷ್ಟಾದ ಮೇಲೂ ನಡುಕ ಉಳಿದರೆ ಟೈರಿನ ಬ್ಯಾಲೆನ್ಸ್, ಸ್ಪ್ರಿಂಗ್ ಪ್ಲೇಟಿನ ತುದಿಯ ಶ್ಯಾಕಲ್ ಬುಷ್, ಕೊನೆಯಲ್ಲಿ ಸ್ಟೀರಿಂಗ್ ಬಾಕ್ಸ್ ಎಂಬ ಕ್ರಮದಲ್ಲಿ ನೋಡಿಕೊಂಡು ಹೋಗಿ.

ಇನ್ನು ಎತ್ತರದ ಮಾತು. ಪ್ಲೇಟನ್ನು ಆಕ್ಸಲಿನ ಮೇಲೆ ಕೂರಿಸಿದರೆ ಬಾಡಿ ಸುಮಾರು ಐದು ಇಂಚು ಮೇಲೇರುತ್ತದೆ ಎಂಬುದು ನಿಜ. ಆದರೆ ನಿಮ್ಮ ದಾರಿಯ ಕಲ್ಲಿಗೆ ತಾಗುತ್ತಿರುವುದು ಬಾಡಿಯಲ್ಲ, ಡಿಫರೆನ್ಶಿಯಲಿನ ಹೊಟ್ಟೆ. ಅದು ಆಕ್ಸಲಿನಲ್ಲೇ ಇರುವುದರಿಂದ ಪ್ಲೇಟನ್ನು ಎಲ್ಲಿ ಕೂರಿಸಿದರೂ ನೆಲದಿಂದ ಅದರ ಅಂತರ ಒಂದು ಎಳ್ಳಿನಷ್ಟೂ ಹೆಚ್ಚುವುದಿಲ್ಲ. ಅದನ್ನು ಹೆಚ್ಚಿಸಬಲ್ಲದ್ದು ಟೈರು ಮಾತ್ರ. ಲಿಫ್ಟ್ ಮಾಡಿದಾಗ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ತುದಿಯ ಯು ಜಾಯಿಂಟುಗಳು ಬೇಗ ಹೋಗುತ್ತವೆ. ಕ್ಯಾಸ್ಟರ್ ಕೋನವೂ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಓರೆ) ಕೆಟ್ಟರೆ ಈಗಿರುವ ನಡುಕ ಇಮ್ಮಡಿಯಾಗುತ್ತದೆ.

ಟೈರಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ.; 235/75 ಆರ್ 15ರದ್ದು 733 ಮಿ.ಮೀ.; 31 ಇಂಚಿನದ್ದು 787 ಮಿ.ಮೀ. ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು ಮಾತ್ರ ಆಕ್ಸಲನ್ನು ಎತ್ತುವುದರಿಂದ, 235ರಲ್ಲಿ ಸಿಗುವುದು 15 ಮಿ.ಮೀ., 31 ಇಂಚಿನದ್ದರಲ್ಲಿ 42 ಮಿ.ಮೀ. ಗಮನಿಸಬೇಕಾದ ಸಂಗತಿಯೆಂದರೆ, ಎಂಎಂ 540ಕ್ಕೆ ಕಂಪೆನಿಯಿಂದ ಬರುತ್ತಿದ್ದ 6.00–16 ಟೈರಿನ ವ್ಯಾಸವೂ 235ರ ಆಸುಪಾಸಿನದ್ದೇ. ಅಂದರೆ ಹಿಂದಿನ ಮಾಲೀಕರು ಅಂದಕ್ಕೆಂದು ಮಾಡಿಸಿದ ಬದಲಾವಣೆಯಿಂದ ನಿಮ್ಮ ಜೀಪು ಕುಳ್ಳಾಗಿದೆ. 31 ಇಂಚಿಗೆ ಹೋದರೆ ಈಗಿನದ್ದಕ್ಕಿಂತ ಗೇರಿಂಗ್ ಶೇ. 12ರಷ್ಟು ಎತ್ತರವಾಗಿ (ಅಂದರೆ ಅದೇ ಗೇರಿನಲ್ಲಿ ಗಾಲಿಗೆ ಸಿಗುವ ಎಳೆತ ಕಡಿಮೆಯಾಗಿ), ಲೋಡು ಹೇರಿ ಏರು ಹತ್ತುವಾಗ ಎಂಜಿನ್ ಒದ್ದಾಡುತ್ತದೆ, ಡ್ರಮ್ ಬ್ರೇಕಿನ ಹಿಡಿತವೂ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಉಳಿದ ಕೆಲಸವನ್ನು ಹಾರೆ ಮಾಡಲಿ: ಜಾಡಿನ ನಡುವೆ ಎದ್ದಿರುವ ಆ ಕಲ್ಲನ್ನು ಕಡಿಸುವ ಕೂಲಿ, ಲಿಫ್ಟ್ ಕಿಟ್ಟಿನ ಮುಂದೆ ಏನೂ ಅಲ್ಲ.

ಕಾನೂನು ಓದುಗ, ಕಾಸರಗೋಡು:

ಬದಿಯಡ್ಕದವರ ಮಾತಿಗೆ ಕಾಯ್ದೆಯ ಬದಿಯಿಂದ ಸ್ವಲ್ಪ ಸೇರಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. ಕೇರಳ ಹೈಕೋರ್ಟಿನ ತೀರ್ಪೊಂದನ್ನು ತಳ್ಳಿಹಾಕಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಮಾಲೀಕರಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಬ್ಬಿಣದ ಬಂಪರು, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ನಿಮ್ಮದು ಹಳೆಯ ಗಾಡಿಯಾದ್ದರಿಂದ ಇನ್ನೊಂದು ಗಂಟು ಇದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ 25ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. ಎತ್ತರಿಸಿದ ಜೀಪನ್ನು ಅಲ್ಲಿಗೆ ಒಯ್ದರೆ, ಮೊದಲಿನಂತೆ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಮಾಡಿಸಿದ ಖರ್ಚು ಒಂದು, ಬಿಚ್ಚಿಸಿದ ಖರ್ಚು ಇನ್ನೊಂದು. ಈಗಿರುವ 15 ಇಂಚಿನ ರಿಮ್ಮಿನ ವಿಷಯವನ್ನೂ ಆರ್‌ಸಿ ಹಿಡಿದುಕೊಂಡು ಹೋಗಿ ಕೇಳಿ ಸರಿಮಾಡಿಕೊಳ್ಳುವುದು ಒಳ್ಳೆಯದು.

ಗುಡ್ಡೆತೋಟ, ದೇಲಂಪಾಡಿ:

ಇಬ್ಬರಿಗೂ ಧನ್ಯವಾದಗಳು. ಬದಿಯಡ್ಕದ ಅಣ್ಣ ಹೇಳಿದಂತೆ ಎಡಗಾಲಿಯನ್ನು ಎತ್ತಿ ನೋಡಿದೆ. ಬ್ರೇಕ್ ಹಿಡಿದಾಗಲೂ ಆಟ ಹಾಗೆಯೇ ಇತ್ತು. ಬೇರಿಂಗ್ ಮತ್ತು ಸೀಲಿಗೆ ಹೇಳಿಯಾಯಿತು, ಲಿಫ್ಟಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಆದರೆ ವಿಂಚಿನ ಬಗ್ಗೆ ಯಾರೂ ಹೇಳಲಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ತೋಡಿನ ಆಚೆ ಸಿಕ್ಕಿಬಿದ್ದರೆ ಎಳೆಯಲು ನಾಲ್ಕು ಜನ ಸಿಗುವುದಿಲ್ಲ. ತೋಡಿನ ನೀರು ಆಕ್ಸಲ್ ಮುಳುಗುವಷ್ಟು ಬರುತ್ತದೆ, ಅದಕ್ಕೇನು ಮಾಡಬೇಕು?

ಮಲೆದಾರಿ, ಬಂದಡ್ಕ:

ವಿಂಚಿಗಿಂತ ಮೊದಲು ನೀರಿನ ವಿಷಯ ಹೇಳುತ್ತೇನೆ, ಏಕೆಂದರೆ ಅದು ಸದ್ದಿಲ್ಲದೆ ಗಾಡಿಯನ್ನು ತಿನ್ನುತ್ತದೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಆಕ್ಸಲಿನ ಮೇಲಿರುವ ಬ್ರೀದರ್ (ಒಳಗಿನ ಗಾಳಿ ಹೋಗಿಬರುವ ಸಣ್ಣ ಕಿಂಡಿ) ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕ, ಕೆಸರು ಕಟ್ಟಿ ಮುಚ್ಚಿದ್ದರೆ ಸೀಲುಗಳ ಮೂಲಕ ನೀರು ಒಳಸೇರುತ್ತದೆ. ಬ್ರೀದರಿನ ಜಾಗಕ್ಕೆ ಡೀಸೆಲ್ ಪೈಪಿನಂಥ ಗಟ್ಟಿ ರಬ್ಬರ್ ಪೈಪು ಸಿಕ್ಕಿಸಿ, ಮುಂದಿನದನ್ನು ಬಾನೆಟ್ಟಿನ ಒಳಗೂ ಹಿಂದಿನದನ್ನು ಬಾಡಿಯ ಮೇಲ್ಭಾಗಕ್ಕೂ ಒಯ್ದು, ಬಾಯಿ ಕೆಳಮುಖವಾಗಿರುವಂತೆ ಕಟ್ಟಿ. ಆಕ್ಸಲ್ ಕುಣಿಯುವಷ್ಟು ಸಡಿಲು ಬಿಡುವುದನ್ನು ಮರೆಯಬೇಡಿ. ನಮ್ಮ ಕಡೆಯ ಮಳೆಗಾಲಕ್ಕೆ ಇದಕ್ಕಿಂತ ಉಪಯೋಗದ ಮಾರ್ಪಾಟು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ, ಖರ್ಚೂ ಕಡಿಮೆ.

ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ತಡಮಾಡದೆ ಬದಲಿಸಿ. ಬದಲಿಸುವಾಗ ಎಣ್ಣೆ ತುಂಬುವ ಬಿರಡೆಯನ್ನು ಮೊದಲು ಬಿಚ್ಚಿ, ಆಮೇಲೆ ಕೆಳಗಿನದನ್ನು. ಖಾಲಿ ಮಾಡಿದ ಬಳಿಕ ಮೇಲಿನದು ಬಿಚ್ಚದೆ ಹೋದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಡಿಫರೆನ್ಶಿಯಲಿಗೆ ಜಿಎಲ್-5 ದರ್ಜೆಯ 80ಡಬ್ಲ್ಯು-90 ಎಣ್ಣೆ ಸರಿ, ಆದರೆ ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಸಿಂಕ್ರೋನೈಸರಿನ ಹಿತ್ತಾಳೆಯನ್ನು ಸವೆಸಬಹುದಾದ್ದರಿಂದ ಅಲ್ಲಿಗೆ ಜಿಎಲ್-4 ಕೇಳಿ ತನ್ನಿ. ತೋಡು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋಗಿ ಡ್ರಮ್ ಒಣಗಿಸಿ.

ವಿಂಚು ಕೊಳ್ಳುವುದಾದರೆ ಲೋಡು ಸಹಿತ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ಬೇಕು. ಪೂರ್ಣ ಭಾರದಲ್ಲಿ ಅದು 300–400 ಆಂಪಿಯರ್ ಕರೆಂಟ್ ಹೀರುವುದರಿಂದ ನಿಮ್ಮ ಬ್ಯಾಟರಿ, ಡೈನಮೋಗಳಿಗೆ ಅದು ಹೊರೆ. ವರ್ಷಕ್ಕೊಮ್ಮೆ ಸಿಕ್ಕಿಬೀಳುವ ತೋಟದ ಗಾಡಿಗೆ ಕೈಯಿಂದ ಎಳೆಯುವ ಪುಲ್ಲರ್, ಅಗಲವಾದ ಬೆಲ್ಟು, ಎರಡು ಒಳ್ಳೆಯ ಡಿ-ಶ್ಯಾಕಲ್ ಸಾಕು. ಕಟ್ಟುವುದಕ್ಕೆ ಹಲಸಿನಂಥ ಬೇರಿಳಿದ ಮರವನ್ನು ಆರಿಸಿ. ಅಡಿಕೆ ಮರಕ್ಕೆ ಕಟ್ಟಿದರೆ ಗಾಡಿ ಬರುವ ಬದಲು ಮರ ಬರುತ್ತದೆ. ಹಗ್ಗದ ಮೇಲೆ ಒದ್ದೆ ಗೋಣಿಯೊಂದನ್ನು ಹೊದೆಸಿದರೆ ತುಂಡಾದಾಗ ಚಾಟಿಯಂತೆ ಹಾರುವುದು ಕಡಿಮೆಯಾಗುತ್ತದೆ, ಆದರೂ ಯಾರೂ ಹತ್ತಿರ ನಿಲ್ಲಬಾರದು.

ಅದಕ್ಕೂ ಮೊದಲು ಟೈರಿನ ಗಾಳಿ ಇಳಿಸಿ ನೋಡಿ. 18 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ಊರಿ, ಜಾರುವ ಮಣ್ಣಿನಲ್ಲಿ ಸಿಗುವ ಹಿಡಿತವೇ ಬೇರೆ. ಟ್ಯೂಬ್ ಇರುವ ಟೈರಾದರೆ ಇನ್ನೂ ಇಳಿಸಬೇಡಿ, ರಿಮ್ಮಿನ ಮೇಲೆ ಟೈರು ಜರುಗಿ ವಾಲ್ವಿನ ಕುತ್ತಿಗೆ ಹರಿಯುತ್ತದೆ. ಡಾಮರಿಗೆ ಬಂದ ಕೂಡಲೇ ಗಾಳಿ ತುಂಬಿಸಿ, ಫೋರ್ ವೀಲನ್ನೂ ತೆಗೆಯಿರಿ. ಈ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲದ್ದರಿಂದ, ಒಣ ಡಾಮರಿನಲ್ಲಿ ತಿರುಗಿಸಿದರೆ ಶಾಫ್ಟುಗಳಲ್ಲಿ ಬಿಗಿತ ಸೇರಿ ಲಿವರ್ ಕಚ್ಚಿಕೊಳ್ಳುತ್ತದೆ. ಹಾಗಾದಾಗ ಲಿವರನ್ನು ಗುದ್ದದೆ, ನೇರವಾಗಿ ನಾಲ್ಕು ಮಾರು ಹಿಂದಕ್ಕೆ ತಂದರೆ ತಾನಾಗಿ ಬಿಡುತ್ತದೆ.

ಹಳೇ ಜೀಪು, ಬದಿಯಡ್ಕ:

ಮದ್ದಿನ ಡ್ರಮ್ಮು ಸಾಗಿಸುತ್ತೇವೆಂದು ಬರೆದಿದ್ದೀರಿ, ಆದ್ದರಿಂದ ಒಂದು ಮಾತು. ಸುಣ್ಣ ಸೇರಿಸದ ಮೈಲುತುತ್ತಿನ ನೀರು ಕಬ್ಬಿಣವನ್ನು ಕರಗಿಸಿ ಅದರ ಮೇಲೆ ತಾಮ್ರ ಕೂರಿಸುತ್ತದೆ. ಫ್ಲೋರಿನ ಮೇಲೆ ಚೆಲ್ಲಿ ಶಾಸಿಯ ಸಂದಿಗೆ ಇಳಿದರೆ ಅಲ್ಲಿ ತುಕ್ಕು ಬೇಗ ತೂತು ಕೊರೆಯುತ್ತದೆ. ಹಿಂಭಾಗಕ್ಕೆ ದಪ್ಪ ರಬ್ಬರ್ ಹಾಸು ಹಾಕಿಸಿ, ಮದ್ದು ಬಿಟ್ಟ ದಿನ ಸಂಜೆ ಶಾಸಿಯ ಒಳಭಾಗಕ್ಕೆ ಪೈಪು ಹಿಡಿದು ಕೆಸರು ಸಹಿತ ತೊಳೆಯಿರಿ.

ಕಿಂಗ್ ಪಿನ್ ಬಿಚ್ಚುವಾಗ ಜ್ಯಾಕಿನ ಅಡಿಗೆ ಹಲಗೆ ಇಟ್ಟು, ಆಕ್ಸಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡನ್ನೇ ಕೊಡಿ. ಅಂಗಳದಲ್ಲಿ ರಾಶಿ ಬಿದ್ದಿರುವ ಮುರಕಲ್ಲನ್ನು ಆಧಾರಕ್ಕೆ ಇಡುವ ಅಭ್ಯಾಸ ನಮ್ಮೂರಲ್ಲಿ ಬಹಳ. ಒಂದೇ ಮೂಲೆಗೆ ಭಾರ ಬಿದ್ದರೆ ಆ ಕಲ್ಲು ಸೂಚನೆಯನ್ನೇ ಕೊಡದೆ ಪುಡಿಯಾಗುತ್ತದೆ, ಆಗ ಕೆಳಗೆ ಮಲಗಿರುವವರು ನೀವಾಗಿರುತ್ತೀರಿ.