ಆಲಮಟ್ಟಿ ಲೇಖನ ಅಮೆರಿಕದ ಜರ್ನಲ್‌ಗೆ ಹೊಂದುತ್ತದಾ?

ಪ್ರಶ್ನೆ (ಬಾಗಲಕೋಟೆ, ಎಲ್‌ಎಲ್‌ಎಂ ಮುಗಿಸಿದವಳು): ಸರ್, ಆಲಮಟ್ಟಿ ಅಣೆಕಟ್ಟಿನ ಎತ್ತರದ ವಿವಾದದ ಬಗ್ಗೆ ನನ್ನ ಡಿಸರ್ಟೇಶನ್ ಇದೆ. ಅದನ್ನು ವಿದ್ಯಾರ್ಥಿಗಳೇ ನಡೆಸುವ ಅಂತಾರಾಷ್ಟ್ರೀಯ ಕಾನೂನು ಜರ್ನಲ್‌ಗೆ ಕಳಿಸುವ ಆಸೆ. ಆದರೆ ಇದು ರಾಜ್ಯಗಳ ಜಗಳ, ದೇಶಗಳದ್ದಲ್ಲ. ತಗೊಳ್ತಾರಾ? ಒಟ್ಟಿಗೆ ನಾಲ್ಕೈದು ಕಡೆ ಕಳಿಸಬಹುದಾ?

ಉತ್ತರ (ಬೆಳಗಾವಿ, ಕಾನೂನು ಅಧ್ಯಾಪಕ): ಡಿಸರ್ಟೇಶನ್ ಇದ್ದ ಹಾಗೇ ಕಳಿಸಿದರೆ ತಗೊಳ್ಳುವುದು ಕಷ್ಟ. ಕೃಷ್ಣಾ ನದಿ ನೀರಿನ ವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯಲ್ಲಿ 519.6 ಮೀಟರ್‌ನಿಂದ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದ್ದು ನಮ್ಮ ಕಡೆ ಬಾಯಿಪಾಠ. ಹಾರ್ವರ್ಡ್‌ನಲ್ಲೋ ವರ್ಜೀನಿಯಾದಲ್ಲೋ ಕೂತಿರುವ ಎರಡನೇ ವರ್ಷದ ವಿದ್ಯಾರ್ಥಿಗೆ ಕೃಷ್ಣೆಯ ಹೆಸರೂ ಹೊಸದು. ಆದರೆ ಲೇಖನ ಬೇಕೋ ಬೇಡವೋ ಅಂತ ಹೇಳುವವರು ಅವರೇ.

ಹಾಗಂತ ವಿಷಯ ಬಿಡಬೇಡಿ. ಅದರೊಳಗೆ ಒಳ್ಳೆಯ ಅಂತಾರಾಷ್ಟ್ರೀಯ ಪ್ರಶ್ನೆಯೇ ಇದೆ. 1997ರ ವಿಶ್ವಸಂಸ್ಥೆಯ ಜಲಮಾರ್ಗ ಒಪ್ಪಂದದಲ್ಲಿ 5ನೇ ವಿಧಿ ನ್ಯಾಯಯುತ ಬಳಕೆಯ ಬಗ್ಗೆ, 7ನೇ ವಿಧಿ ಗಣನೀಯ ಹಾನಿ ಮಾಡಬಾರದು ಅನ್ನುವುದರ ಬಗ್ಗೆ. ಹಾನಿ ಅಂದ ಕೂಡಲೇ ನದಿಯ ಮೇಲ್ಭಾಗದವರು ಕೆಳಭಾಗದವರಿಗೆ ಮಾಡುವುದು ಅಂತಲೇ ಜಾಸ್ತಿ ಜನ ಯೋಚಿಸುತ್ತಾರೆ. ಇಲ್ಲಿ ದೂರು ಉಲ್ಟಾ. ಆಲಮಟ್ಟಿ ಹಿನ್ನೀರಿನಿಂದ ಮೇಲಿರುವ ಸಾಂಗ್ಲಿ, ಕೊಲ್ಹಾಪುರದಲ್ಲಿ ಪ್ರವಾಹ ಹೆಚ್ಚುತ್ತದೆ ಅನ್ನುವುದು ಮಹಾರಾಷ್ಟ್ರದ ವಾದ. ಕರ್ನಾಟಕ ಅದನ್ನು ಒಪ್ಪಿಲ್ಲ. ಲೇಖನ ಇಲ್ಲಿಂದ ಶುರುವಾಗಲಿ, ಕೃಷ್ಣಾ ನೀರಿನ ಮೊದಲ ನ್ಯಾಯಮಂಡಳಿಯ ಬಚಾವತ್ ತೀರ್ಪಿನ ಇತಿಹಾಸದಿಂದ ಬೇಡ.

ಕೆಳಗಿನವರೂ ಮೇಲಿನವರಿಗೆ ಹಾನಿ ಮಾಡಬಹುದು ಅನ್ನುವ ಚರ್ಚೆ ಹೊಸದಲ್ಲ. ಅದು ಹೆಚ್ಚಾಗಿ ಕೆಳಗಿನವರು ಮೊದಲೇ ನೀರು ಬಳಸಿ ಮೇಲಿನವರ ಮುಂದಿನ ಪಾಲನ್ನು ಕಟ್ಟಿಹಾಕುವುದರ ಬಗ್ಗೆ ಇದೆ. ಅದನ್ನು ಓದಿ, ನಿಮ್ಮದು ಎಲ್ಲಿ ಬೇರೆ ಅಂತ ಮೊದಲ ಎರಡು ಪುಟದಲ್ಲೇ ಹೇಳಿಬಿಡಿ. ಇದನ್ನು ಬೇರೆಯವರು ಬರೆದಾಗಿದೆಯೇ ಅಂತ ಸಂಪಾದಕರು ಹುಡುಕಿಯೇ ಹುಡುಕುತ್ತಾರೆ. 1997ರ ಮತದಾನದಲ್ಲಿ ಭಾರತ ತಟಸ್ಥವಾಗಿತ್ತು, ಒಪ್ಪಂದಕ್ಕೆ ಸೇರಿಲ್ಲ. ಅದನ್ನು ಮುಚ್ಚಿಡಬೇಡಿ. ರಾಜ್ಯಗಳ ಜಗಳ ಅನ್ನುವ ಅಳುಕು ಬೇಡ. ನದಿ ನೀರಿನ ನ್ಯಾಯಯುತ ಹಂಚಿಕೆಯ ತತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1907ರಲ್ಲಿ ಎತ್ತಿದ್ದೇ ಕಾನ್ಸಾಸ್, ಕೊಲೊರಾಡೊ ರಾಜ್ಯಗಳ ಮೊಕದ್ದಮೆಯಲ್ಲಿ. ಆ ಕೇಸು ಹೇಳಿದರೆ ಅವರಿಗೆ ತಕ್ಷಣ ದಾರಿ ಸಿಗುತ್ತದೆ.

ಅಮೆರಿಕದ ವಿದ್ಯಾರ್ಥಿ ಜರ್ನಲ್‌ಗಳಿಗೆ ಒಟ್ಟಿಗೆ ಹಲವು ಕಡೆ ಕಳಿಸುವುದು ರೂಢಿ. ಫೆಬ್ರವರಿ–ಮಾರ್ಚ್, ಆಮೇಲೆ ಆಗಸ್ಟ್, ಇವು ಸುಗ್ಗಿ ಕಾಲ. ಒಬ್ಬರು ಒಪ್ಪಿದರೆ, ನಿಮಗೆ ಹೆಚ್ಚು ಇಷ್ಟವಿರುವ ಜರ್ನಲ್‌ಗೆ ‘ಬೇಗ ಓದಿ’ ಅಂತ ಬರೆಯಬಹುದು. ಅದಕ್ಕೆ ಎಕ್ಸ್‌ಪಿಡೈಟ್ ಅನ್ನುತ್ತಾರೆ. ಒಂದನ್ನು ಒಪ್ಪಿಕೊಂಡ ಮೇಲೆ ಉಳಿದ ಕಡೆಯಿಂದ ವಾಪಸ್ ತಗೊಳ್ಳಲೇಬೇಕು. ಪರಿಣತರು ಪರಿಶೀಲಿಸುವ ಜರ್ನಲ್‌ಗಳಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಒಂದು ಸಲಕ್ಕೆ ಒಂದೇ. ಕೇಂಬ್ರಿಡ್ಜ್‌ನ ಅಂತಾರಾಷ್ಟ್ರೀಯ ಕಾನೂನು ಜರ್ನಲ್ ವಿದ್ಯಾರ್ಥಿಗಳದ್ದೇ ಆದರೂ ಪರಿಶೀಲನೆ ಇದೆ, ಅದರ ನಿಯಮ ಬೇರೆಯಾಗಿ ಓದಿ. ಇನ್ನೊಂದು, ‘ನೋಟ್’ ಅನ್ನುವ ವಿದ್ಯಾರ್ಥಿ ಲೇಖನಗಳ ವಿಭಾಗ ಸಾಮಾನ್ಯವಾಗಿ ಅವರದೇ ವಿದ್ಯಾರ್ಥಿಗಳಿಗೆ. ನಿಮ್ಮದನ್ನು ‘ಆರ್ಟಿಕಲ್’ ಅಂತ ಕಳಿಸಿ.

ಮರುಪ್ರಶ್ನೆ: ಕನ್ನಡ ಪತ್ರಿಕೆ, ಸರ್ಕಾರಿ ಆದೇಶಗಳನ್ನು ಅಡಿಟಿಪ್ಪಣಿಯಲ್ಲಿ ಹಾಕಬಹುದಾ?

ಉತ್ತರ: ಖಂಡಿತ. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಕೊಡಿ. ಅಮೆರಿಕದವರಿಗೆ ಬ್ಲೂಬುಕ್ ಶೈಲಿ, ಅಂದರೆ ಅವರ ಕಾನೂನು ಬರಹಗಳಲ್ಲಿ ಮೂಲಗಳನ್ನು ಉಲ್ಲೇಖಿಸುವ ನಿಯಮ. ಪ್ರತಿ ಮೂಲದ ಪಿಡಿಎಫ್ ಈಗಲೇ ಫೋಲ್ಡರ್‌ನಲ್ಲಿಡಿ, ಪುಟಸಂಖ್ಯೆ ಸಮೇತ. ಒಪ್ಪಿದ ಮೇಲೆ ಸೈಟ್ ಚೆಕ್ ಅಂತ ಒಂದೊಂದೇ ಟಿಪ್ಪಣಿ ಹಿಡಿದು ಕೇಳುತ್ತಾರೆ. ಆಗ ವಿಜಯಪುರದ ಕಚೇರಿಗೆ ಓಡಿದರೆ ಸಿಗಲ್ಲ.

ಇನ್ನೊಬ್ಬ ಸದಸ್ಯ: ‘ಮೂರು ದಿನದಲ್ಲಿ ಪ್ರಕಟಣೆ, ದುಡ್ಡು ಕಳಿಸಿ’ ಅಂತ ನನಗೊಂದು ಮೇಲ್ ಬಂದಿದೆ.

ಉತ್ತರ: ಅಳಿಸಿ. ಲೇಖನ ಕಳಿಸುವ ಪೋರ್ಟಲ್‌ಗೆ ಸಣ್ಣ ಶುಲ್ಕ ಇರುವುದುಂಟು, ಸ್ಕೊಲಾಸ್ಟಿಕಾದಲ್ಲಿ ಇದೆ. ಅಚ್ಚು ಹಾಕಲು ದುಡ್ಡು ಕೇಳುವುದು ಒಳ್ಳೆಯ ವಿದ್ಯಾರ್ಥಿ ಜರ್ನಲ್‌ಗಳ ಪದ್ಧತಿಯಲ್ಲ.