ಬೋರ್ ಮೋಟಾರ್ ಕೆಲಸಕ್ಕೆ ಗಾಡಿ: ಯಾವುದು ಕೊಳ್ಳಲಿ, ಸಾಲ ಎಷ್ಟು ಮಾಡಲಿ?

ಪ್ರಶ್ನೆ (ಮೋಟಾರ್ ರಿಪೇರಿ ಅಂಗಡಿ, ಬಾಗಲಕೋಟೆ ನವನಗರ):

ಸರ್, ನಮಸ್ಕಾರ. ಒಂಬತ್ತು ವರ್ಷದಿಂದ ಸಬ್‌ಮರ್ಸಿಬಲ್ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ನಿಂದ ಮೋಟಾರ್ ಎತ್ತುವುದು, ಇಳಿಸುವುದು ನಮ್ಮದೇ ಕೆಲಸ. ಬೀಳಗಿ, ಲೋಕಾಪುರ, ಮುಧೋಳದವರೆಗೂ ಹೋಗುತ್ತೇವೆ. ಸ್ವಂತ ಗಾಡಿ ಇಲ್ಲ, ಪ್ರತಿ ಸಲ ಛೋಟಾ ಹಾಥಿ (ಮಿನಿ ಟ್ರಕ್) ಬಾಡಿಗೆಗೆ ಹಿಡಿಯುತ್ತೇನೆ. ಸರಾಸರಿ 1,100 ರೂಪಾಯಿ ಬಾಡಿಗೆ. ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ 22 ಟ್ರಿಪ್ ಆಗುತ್ತದೆ, ಉಳಿದ ಎಂಟು ತಿಂಗಳು ಎಂಟರ ಮೇಲೆ ಹೋಗುವುದಿಲ್ಲ. ಹುಡುಗರ ಕೂಲಿ ಕಳೆದರೆ ಒಂದು ಕೆಲಸಕ್ಕೆ 2,600 ಉಳಿಯುತ್ತದೆ, ಬಾಡಿಗೆ ಹೋದ ಮೇಲೆ ಕೈಗೆ 1,500. ವೈಂಡಿಂಗ್ ಆದಾಯ ಅಂಗಡಿ ಬಾಡಿಗೆಗೂ ಇಬ್ಬರ ಸಂಬಳಕ್ಕೂ ಸರಿಹೋಗುತ್ತದೆ.

ಷೋರೂಮಿನವರು ದೊಡ್ಡ ಪಿಕಪ್ಪನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ನಮ್ಮ ಭಾವನವರು ಐದು ಸೀಟಿನ ಈಕೋ ತಂದು ಹಿಂದಿನ ಸೀಟು ಕಿತ್ತು ಹಾಕು, ಜಾತ್ರೆಗೂ ಆಗುತ್ತದೆ, ಕೆಲಸಕ್ಕೂ ಆಗುತ್ತದೆ ಎನ್ನುತ್ತಾರೆ. ನನ್ನ ಮನಸ್ಸು ಏಸ್ ಮಾದರಿಯ ಮಿನಿ ಟ್ರಕ್ಕಿನ ಮೇಲಿದೆ. ಎಲ್ಲ ಸೇರಿ 7 ಲಕ್ಷ, ಕೈಯಲ್ಲಿ 1 ಲಕ್ಷ ಇದೆ. ಉಳಿದ 6 ಲಕ್ಷಕ್ಕೆ ಒಂದು ಫೈನಾನ್ಸಿನವರು ಶೇ 7.5ರ ಬಡ್ಡಿ, ಐದು ವರ್ಷ, ಎರಡೇ ದಿನದಲ್ಲಿ ಸಾಲ ಎಂದಿದ್ದಾರೆ. ಬ್ಯಾಂಕಿನಲ್ಲಿ ಶೇ 10.5 ಹೇಳಿದರು. ಫೈನಾನ್ಸೇ ಅಗ್ಗವಲ್ಲವೇ?

ಉತ್ತರ (ಸಾಲ ಮತ್ತು ತೆರಿಗೆ ಸಲಹೆಗಾರ, ಬೆಳಗಾವಿ):

ತಮ್ಮಾ, ಅಗ್ಗವಲ್ಲ. ಫೈನಾನ್ಸಿನವರು ಹೇಳಿದ 7.5 ಫ್ಲಾಟ್ ಬಡ್ಡಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಹೋದರೂ ಅವರು ಕೊನೆಯ ತಿಂಗಳವರೆಗೂ ಪೂರ್ತಿ 6 ಲಕ್ಷಕ್ಕೇ ಬಡ್ಡಿ ಹಿಡಿಯುತ್ತಾರೆ. ವರ್ಷಕ್ಕೆ 45 ಸಾವಿರ, ಐದು ವರ್ಷಕ್ಕೆ 2.25 ಲಕ್ಷ. ತಿಂಗಳ ಕಂತು 13,750. ಬ್ಯಾಂಕು ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತದೆ, ಕಂತು ಸುಮಾರು 12,900. ಐದು ವರ್ಷದಲ್ಲಿ 51 ಸಾವಿರದ ಅಂತರ. ಬ್ಯಾಂಕಿನ ಲೆಕ್ಕದಲ್ಲಿ ಅಳೆದರೆ ಆ ಏಳೂವರೆ ಹದಿಮೂರನ್ನು ದಾಟುತ್ತದೆ. ಹತ್ತೊಂಬತ್ತು ವರ್ಷ ವಾಹನ ಸಾಲದ ಮೇಜಿನ ಹಿಂದೆ ಕುಳಿತವನು ನಾನು. ಈ ಒಂದು ಮಾತಿಗೆ ಮೋಸಹೋದವರಲ್ಲಿ ಓದಿದವರೇ ಹೆಚ್ಚು.

2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ಮುಖ್ಯ ಸಂಗತಿಗಳ ಪತ್ರವನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಸಂಸ್ಕರಣಾ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಇಬ್ಬರಿಂದಲೂ ಅದನ್ನು ಕೇಳಿ ಪಡೆದು ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ತರುಣ್ ವರ್ಗವನ್ನೂ ಕೇಳಿ: 5ರಿಂದ 10 ಲಕ್ಷದವರೆಗೆ, ಅಡಮಾನವಿಲ್ಲದೆ, ಸರಕು ಸಾಗಿಸುವ ಗಾಡಿಗೂ ಸಿಗುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮೊದಲು ಮಾಡಿಸಿ. ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಭಾವನವರ ಉಪಾಯವನ್ನು ಇಲ್ಲಿಗೇ ಬಿಡಿ. ಖಾಸಗಿ ಕಾರೆಂದು ನೋಂದಣಿಯಾದ ಗಾಡಿಯ ಸೀಟು ಕಿತ್ತು ಮೋಟಾರ್ ಹೇರಿದರೆ ಅದು ಅನುಮತಿಯಿಲ್ಲದ ಮಾರ್ಪಾಡು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಅದನ್ನೇ. ಜಿಎಸ್‌ಟಿಯಲ್ಲೂ ನಷ್ಟ: ಜನ ಕೂರುವ ಸಣ್ಣ ಗಾಡಿಗೆ ಕಟ್ಟಿದ ತೆರಿಗೆ ನಿಮಗೆ ಹಿಂದಿರುಗುವುದಿಲ್ಲ, ಸರಕು ಗಾಡಿಗೆ ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಬೆಲೆ 5.5 ಲಕ್ಷವಿದ್ದರೆ ತೆರಿಗೆ 99 ಸಾವಿರ. ನೀವು ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್‌ನಲ್ಲಿ ಇಲ್ಲದಿದ್ದರೆ, ಬಿಲ್ಲು ಅಂಗಡಿಯ ಜಿಎಸ್‌ಟಿ ಸಂಖ್ಯೆಗೆ ಇದ್ದರೆ, ಹೊಸ ಮೋಟಾರ್ ಮಾರಿ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ವಜಾ ಹಾಕಿಕೊಳ್ಳಬಹುದು. ಆ 99 ಸಾವಿರದ ಮೇಲೆ ಮತ್ತೆ ಆದಾಯ ತೆರಿಗೆಯಲ್ಲಿ ಸವಕಳಿ (ಗಾಡಿ ಸವೆದ ಖರ್ಚು) ತೋರಿಸುವಂತಿಲ್ಲ, ಅಷ್ಟೇ.

ಈಗ ಮುಖ್ಯ ಮಾತು. ವರ್ಷಕ್ಕೆ ನಿಮ್ಮ ಟ್ರಿಪ್ ಸುಮಾರು 150, ಬಾಡಿಗೆ 1.65 ಲಕ್ಷ. ಸ್ವಂತ ಗಾಡಿಯಾದರೆ ಟ್ರಿಪ್ಪಿಗೆ ಡೀಸೆಲ್ 350 ಎಂದು ಹಿಡಿದರೂ 52,500. ವಿಮೆ, ಟೈರು, ಸರ್ವಿಸಿಂಗ್ ಎಂದು 40 ಸಾವಿರ. ಬ್ಯಾಂಕಿನ ಕಂತು 1.55 ಲಕ್ಷ. ಒಟ್ಟು 2.47 ಲಕ್ಷ. ಬಾಡಿಗೆಗಿಂತ 82 ಸಾವಿರ ಹೆಚ್ಚು! ಡೀಸೆಲ್ ಕಳೆದು ಒಂದು ಕೆಲಸಕ್ಕೆ 2,250 ಉಳಿದರೆ, ವರ್ಷಕ್ಕೆ 37 ಹೊಸ ಕೆಲಸ ಬಂದರಷ್ಟೇ ಗಾಡಿ ತನ್ನ ಹೊಟ್ಟೆ ತಾನು ಹೊರೆದುಕೊಳ್ಳುತ್ತದೆ. ಹಾಗಾಗಿ ಎರಡು ಪ್ರಶ್ನೆ ಕೇಳುತ್ತೇನೆ. ಹೋದ ಬೇಸಿಗೆಯಲ್ಲಿ ಗಾಡಿ ಸಿಗದೆ ಎಷ್ಟು ಕೆಲಸ ಬಿಟ್ಟಿರಿ? ರೈತರ ಬಳಿ ಉದ್ರಿ ಎಷ್ಟು ನಿಂತಿದೆ?

ಮರುಪ್ರಶ್ನೆ (ಅದೇ ಅಂಗಡಿ):

ಸರ್, ವಹಿ ತೆಗೆದು ನೋಡಿದೆ. ಕರೆ ಬಂದದ್ದನ್ನೆಲ್ಲ ನಮ್ಮ ಹುಡುಗ ಬರೆದಿಟ್ಟಿರುತ್ತಾನೆ. ಗಾಡಿ ಸಿಗದೆ ಬಿಟ್ಟದ್ದು 26. ನಾನು ಐವತ್ತಾದರೂ ಇರಬೇಕು ಎಂದುಕೊಂಡಿದ್ದೆ. ಉದ್ರಿ 3.2 ಲಕ್ಷ ಇದೆ. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇವೆ ಎನ್ನುತ್ತಾರೆ. ಪರಿಚಯದವರು, ಒತ್ತಾಯ ಮಾಡಲು ಮುಖ ಬರುವುದಿಲ್ಲ.

ಉತ್ತರ (ಬೆಳಗಾವಿ):

ನಿಮ್ಮ ಮುಂಗಡ ಆ ವಹಿಯಲ್ಲೇ ಇದೆ, ತಮ್ಮಾ. ನೀವು ಬಡ್ಡಿಯಿಲ್ಲದೆ ಊರಿಗೆಲ್ಲ ಸಾಲ ಕೊಟ್ಟು, ಹದಿಮೂರರ ಬಡ್ಡಿಗೆ ನೀವೇ ಸಾಲ ತರಲು ಹೊರಟಿದ್ದೀರಿ.

ಅದರಲ್ಲಿ 2 ಲಕ್ಷ ವಸೂಲಾದರೆ ಮುಂಗಡ 3 ಲಕ್ಷ, ಸಾಲ 4 ಲಕ್ಷ. ಮುದ್ರಾದಲ್ಲಿ ಆಗ 5 ಲಕ್ಷದವರೆಗಿನ ಕಿಶೋರ್ ವರ್ಗಕ್ಕೆ ಬರುತ್ತೀರಿ. ಕಂತು 8,600. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಬಾಡಿಗೆಗಿಂತ ಹೆಚ್ಚಾಗುವುದು ಸುಮಾರು 31 ಸಾವಿರ, ಅದಕ್ಕೆ 14 ಹೊಸ ಕೆಲಸ ಸಾಕು. ನಿಮ್ಮ ಬಳಿ 26 ಇವೆ. ಆರು ಲಕ್ಷದ ಸಾಲಕ್ಕೆ ಆ 26 ಸಾಲುವುದಿಲ್ಲ.

ಆಷಾಢದ ತಿಂಗಳನ್ನೂ ನೋಡಿ. ಎಂಟು ಕೆಲಸಕ್ಕೆ 18 ಸಾವಿರ ಬರುತ್ತದೆ. ಫೈನಾನ್ಸಿನ ಕಂತು 13,750, ಗಾಡಿಯ ಇತರ ಖರ್ಚು ತಿಂಗಳಿಗೆ 3,300. ಮನೆಗೆ ಉಳಿಯುವುದು 950 ರೂಪಾಯಿ. ನಾಲ್ಕು ಲಕ್ಷದ ಸಾಲವಾದರೆ 6,100 ಉಳಿಯುತ್ತದೆ. ಕಂತು ಕಟ್ಟದೆ ಗಾಡಿ ಕಳೆದುಕೊಂಡವರನ್ನು ಬಹಳ ಕಂಡಿದ್ದೇನೆ. ಅವರೆಲ್ಲ ಸಾಲದ ಅರ್ಜಿಯಲ್ಲಿ ಏಪ್ರಿಲ್ ತಿಂಗಳ ಆದಾಯ ಬರೆದಿದ್ದರು. ನಾವೂ ಹಾಗೆಯೇ ಬರೆಸಿಕೊಂಡಿದ್ದೆವು, ಅದನ್ನೂ ಹೇಳಬೇಕು.

ಆದ್ದರಿಂದ ಈಗಲೇ ಕೊಳ್ಳಬೇಡಿ. ಕಾರ್ಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ ಉದ್ರಿ ಎತ್ತಿ, ಜನವರಿ ಕೊನೆಗೆ ಗಾಡಿ ತನ್ನಿ. ಮೊದಲ ನಾಲ್ಕು ಕಂತು ಬೇಸಿಗೆಯ ದುಡಿಮೆಯಲ್ಲಿ ಹೋಗುತ್ತದೆ. ಮುಖ ಬರುವುದಿಲ್ಲ ಎಂದಿರಿ. ಗಾಡಿ ತರುತ್ತಿದ್ದೇನೆ, ಮುಂಗಡಕ್ಕೆ ಬೇಕು ಎಂದು ಹೇಳಿ ನೋಡಿ. ಬಾಕಿ ಕೊಡು ಎಂದರೆ ಮುನಿಯುವ ರೈತ, ಗಾಡಿಗೆ ಎಂದರೆ ಸಂತೋಷದಿಂದ ಅರ್ಧವಾದರೂ ಕೊಡುತ್ತಾನೆ.

ದೊಡ್ಡ ಪಿಕಪ್ ಬೇಡ. ವರ್ಷಕ್ಕೆ ನಾಲ್ಕು ಸಲ ಬರುವ ಭಾರಕ್ಕೆ ನಾಲ್ಕು ಸಲ ಬಾಡಿಗೆಗೆ ಹಿಡಿಯಿರಿ. ಇನ್ನೊಂದು ವಿಷಯ: ಹೊರೆ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಮಿನಿ ಟ್ರಕ್ಕುಗಳು ಇದರೊಳಗೇ ಬರುತ್ತವೆ. ಪಿಕಪ್‌ಗಳಲ್ಲಿ ಕೆಲವು ಮೀರುತ್ತವೆ.

ಪ್ರತಿಕ್ರಿಯೆ (ಗ್ಯಾರೇಜ್ ಮೇಸ್ತ್ರಿ, ವಿಜಯಪುರ):

ಅಣ್ಣಾವರ ಲೆಕ್ಕ ಸರಿಯಾಗಿದೆ. ನಾನು ಗಾಡಿಯ ಮಾತು ಸೇರಿಸುತ್ತೇನೆ. ಮಿನಿ ಟ್ರಕ್ಕಿನ ತೊಟ್ಟಿ ಏಳು ಅಡಿ, ಬೋರಿಗೆ ಇಳಿಸುವ ನಿಮ್ಮ ಯುಪಿವಿಸಿ (ಪ್ಲಾಸ್ಟಿಕ್) ಕಾಲಂ ಪೈಪು ಹತ್ತಡಿ. ಹಿಂದೆ ಮೂರಡಿ ಚಾಚಿಕೊಂಡು ಹೆದ್ದಾರಿಯಲ್ಲಿ ಹೋಗಬೇಡಿ. ಕ್ಯಾಬಿನ್ ಮೇಲೆ ಒರಗುವಂತೆ ಚೌಕಟ್ಟು ಮಾಡಿಸಿದರೆ ಪೈಪು ಓರೆಯಾಗಿ ಒಳಗೇ ಕೂರುತ್ತದೆ. ಅದನ್ನು ಆರ್‌ಟಿಒ ಒಪ್ಪುವ ಹಾಗೆ ಷೋರೂಮಿನಲ್ಲೇ ಮಾಡಿಸಿ. ಇಪ್ಪತ್ತು ಅಡಿಯ ಜಿಐ (ಕಬ್ಬಿಣದ) ಪೈಪಿಗೆ ಮಾತ್ರ ಬೇರೆ ಗಾಡಿಯೇ ಬೇಕು.

ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಗಾಡಿ ಇಳಿಸಬೇಡಿ. ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ಭಾರವಿಲ್ಲದೆ ಹಿಡಿತ ಸಿಗುವುದಿಲ್ಲ, ತಿರುಗಿ ತಿರುಗಿ ಹೂತುಕೊಳ್ಳುತ್ತದೆ. ಎಳೆಯಲು ಕರೆಸಿದ ಟ್ರ್ಯಾಕ್ಟರಿಗೆ ಕೊಡುವ ದುಡ್ಡು ಯಾವ ಲೆಕ್ಕದಲ್ಲೂ ಇರುವುದಿಲ್ಲ. ದಾರಿಯ ಮೇಲೇ ನಿಲ್ಲಿಸಿ, ಮೋಟಾರನ್ನು ರೈತರ ಚಕ್ಕಡಿಯಲ್ಲಿ ತರಿಸಿಕೊಳ್ಳಿ.

ಮರುಪ್ರಶ್ನೆ (ಬಾಗಲಕೋಟೆ):

ಉಪಕಾರವಾಯಿತು ಸರ್, ಮೇಸ್ತ್ರಿಗಳಿಗೂ. ಎರಡೇ ಸಂದೇಹ. ನನ್ನ ಬಳಿ ಕಾರಿನ ಲೈಸೆನ್ಸ್ ಇದೆ, ಹಳದಿ ಬೋರ್ಡಿಗೆ ನಡೆಯುತ್ತದೆಯೇ? ಹುಡುಗರು ಹಿಂದೆ ಪೈಪಿನ ಮೇಲೆ ಕುಳಿತು ಬರಬಹುದೇ?

ಉತ್ತರ (ಬೆಳಗಾವಿ):

ಲೈಸೆನ್ಸ್ ನಡೆಯುತ್ತದೆ. ಒಟ್ಟು ತೂಕ 7,500 ಕೆಜಿ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ಹುಡುಗರು ಹಿಂದೆ ಕೂರುವುದು ಬೇಡ. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ, ಅದೂ ಕ್ಯಾಬಿನ್ನಿನಲ್ಲಿ. ಉಳಿದವನು ಬೈಕಿನಲ್ಲಿ ಬರಲಿ. ಕೆಲಸ ಮುಗಿಸಿ ಬರುವಾಗ ಊರವರು ಕೈ ಅಡ್ಡ ಹಿಡಿಯುತ್ತಾರೆ, ಸಂತೆಗೆ ಬಿಡಿ ಎನ್ನುತ್ತಾರೆ, ನಿಲ್ಲಿಸಬೇಡಿ. ಸರಕು ಗಾಡಿಯಲ್ಲಿ ಹಾಗೆ ಹತ್ತಿದವರಿಗೆ ವಿಮೆಯ ರಕ್ಷಣೆ ಇಲ್ಲ, ಪರಿಹಾರ ನಿಮ್ಮ ತಲೆಯ ಮೇಲೆ ಬರುತ್ತದೆ. ವಿಮೆ ಮಾಡಿಸುವಾಗ ಕೆಲಸಗಾರರ ಹೊಣೆಯ ಹೆಚ್ಚುವರಿ ಪ್ರೀಮಿಯಂ ಎಷ್ಟು ಜನರಿಗೆ ಹಾಕಿದ್ದಾರೆಂದು ಪಾಲಿಸಿಯಲ್ಲಿ ನೀವೇ ಓದಿ ನೋಡಿ.

ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ವರ್ಷ ವರ್ಷ. ಕೊನೆಯ ಕಂತು ಕಟ್ಟಿದ ವಾರವೇ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ 35ನೇ ನಮೂನೆ ತೆಗೆದುಕೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ನಮ್ಮ ಶಾಖೆಯ ಕಪಾಟಿನಲ್ಲಿ ಆ ಪತ್ರಗಳು ಯಾರೂ ಒಯ್ಯದೆ ಗೆದ್ದಲು ಹಿಡಿದಿದ್ದವು. ಗಾಡಿ ಮಾರುವ ದಿನ ಓಡಿ ಬರುತ್ತಿದ್ದರು.

ಮರುಪ್ರಶ್ನೆ (ಬಾಗಲಕೋಟೆ):

ಆಯಿತು ಸರ್. ನಿನ್ನೆ ಲೋಕಾಪುರದಲ್ಲಿ ನೀವು ಹೇಳಿದ ಹಾಗೆಯೇ ಕೇಳಿದೆ. ಒಬ್ಬರು 18 ಸಾವಿರದಲ್ಲಿ 10 ಕೊಟ್ಟರು. ಇನ್ನೊಬ್ಬರು ಗಾಡಿ ಬರಲಿ, ಪೂಜೆಗೆ ಬಂದು ಕೊಡುತ್ತೇನೆ ಎಂದರು. ಅವರದು 40 ಸಾವಿರ ಇದೆ, ನಾಳೆ ಮತ್ತೆ ಹೋಗುತ್ತೇನೆ.